ಕೂಟ ಬಿಡುವ ಮುನ್ನ ಬಿಟ್ಟ ಮೇಲಿನ ಲೆಕ್ಕ



ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಸಂಘದ ಸದಸ್ಯರು ಇತ್ತೀಚೆಗೆ ಒಂದು ಭಾನುವಾರ ಜಾಲಹಳ್ಳಿಯಲ್ಲಿ ಸೇರಿದ್ದರು. ತೋಟ ಮಲೆನಾಡಿನಲ್ಲಿ, ನೌಕರಿ ಪೀಣ್ಯದಲ್ಲಿ ಎಂಬಂತಹ ಮನೆಗಳು ಆ ಭಾಗದಲ್ಲಿ ಹಲವಾರಿವೆ. ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳಿಗೆಂದು ಹೋದ ತಲೆಮಾರು ಅಲ್ಲಿಯೇ ಮನೆ ಕಟ್ಟಿಕೊಂಡು, ಕೊಯ್ಲಿನ ಕಾಲಕ್ಕೆ ಊರಿಗೆ ಬಂದು ಹೋಗುತ್ತಿದೆ. ಅಂದು ಚರ್ಚೆಗೆ ಬಂದದ್ದು ಮುಂದಿನ ಮಹಾಸಭೆಯ ಠರಾವು. ಸದಸ್ಯರು ತಮ್ಮ ಕಾಫಿ ಮತ್ತು ಅಡಿಕೆಯ ಒಂದು ಪಾಲನ್ನು ಸಂಘದ ಒಟ್ಟು ಮಾರಾಟಕ್ಕೆ ಒಪ್ಪಿಸಬೇಕೆಂಬ ಬೈಲಾ ಇದೆಯಷ್ಟೆ. ಅದನ್ನು ತೆಗೆದುಹಾಕಬೇಕು, ಮಾಲು ಯಾರಿಗೆ ಮಾರಬೇಕೆಂಬುದು ಬೆಳೆಗಾರನ ಇಚ್ಛೆಗೆ ಬಿಟ್ಟದ್ದು ಎಂಬುದೇ ಆ ಠರಾವು.

ಮಾತು ತೋಟದಲ್ಲಿ ಹುಟ್ಟಿ ಇಂಗ್ಲೆಂಡಿಗೆ ಹೋಯಿತು. ಹಿರಿಯ ಸದಸ್ಯರೊಬ್ಬರು, "ಬ್ರಿಟನ್ನಿನವರು ಯುರೋಪಿನ ಕೂಟವನ್ನೇ ಬಿಟ್ಟು ಬಂದರು. ಮುಳುಗಿ ಹೋದರೇನು? ನಾವು ಒಂದು ಬೈಲಾ ಬಿಟ್ಟರೆ ಆಕಾಶ ಬೀಳುತ್ತದೆಯೇ?" ಎಂದರು. ಲಂಡನ್ನಿನಲ್ಲಿ ಕೆಲಸದಲ್ಲಿದ್ದು ರಜೆಗೆ ಬಂದಿದ್ದ ಅವರ ಅಳಿಯ ಅಲ್ಲೇ ಇದ್ದರು. "ಮುಳುಗಲಿಲ್ಲ ಮಾವ. ಆದರೆ ಬಿಟ್ಟು ಬಂದವರೇ ಈಗ ಏನು ಸಿಕ್ಕಿತೆಂದು ಕೇಳುತ್ತಿದ್ದಾರೆ" ಎಂದು ಅವರು ಹೇಳಿದರು. ಅಲ್ಲಿಂದ ಸಭೆ ಎರಡಾಯಿತು. ಕಾಫಿ ಆರಿ ತಣ್ಣಗಾದರೂ ವಾದ ಆರಲಿಲ್ಲ ಎಂದು ನಮಗೆ ವರದಿ ಬಂದಿದೆ. ಮಹಾಸಭೆಯಲ್ಲಿಯೂ ಈ ದೃಷ್ಟಾಂತ ಬಂದೇ ಬರುವುದೆಂದು ತಿಳಿದು, ಅದರ ವಿಷಯವಾಗಿ ನಮ್ಮ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ನಡೆದ ಸಂಗತಿ. ಬ್ರಿಟನ್ ಯುರೋಪಿನ ಸಾಮಾನ್ಯ ಮಾರುಕಟ್ಟೆಯನ್ನು ಸೇರಿದ್ದು 1973ರ ಜನವರಿ 1ರಂದು. ಉಳಿಯಬೇಕೇ ಬೇಡವೇ ಎಂದು 1975ರಲ್ಲಿ ಜನರನ್ನು ಕೇಳಿದಾಗ ನೂರಕ್ಕೆ 67 ಮಂದಿ ಉಳಿಯೋಣ ಎಂದರು. 41 ವರ್ಷಗಳ ನಂತರ, 2016ರ ಜೂನ್ 23ರಂದು ಮತ್ತೆ ಕೇಳಿದಾಗ ಶೇಕಡಾ 51.9 ಮಂದಿ ಬಿಡೋಣ ಎಂದರು, ಶೇಕಡಾ 48.1 ಮಂದಿ ಉಳಿಯೋಣ ಎಂದರು. ಇಂಗ್ಲೆಂಡ್ ಮತ್ತು ವೇಲ್ಸ್ ಒಂದು ಕಡೆ, ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್ ಇನ್ನೊಂದು ಕಡೆ. ಪ್ರಧಾನಿ ಕ್ಯಾಮರೂನ್ ರಾಜೀನಾಮೆಯಿತ್ತರು. ಅವರ ನಂತರ ಬಂದ ಥೆರೇಸಾ ಮೇ ತಂದ ಬಿಡುಗಡೆಯ ಕರಾರನ್ನು ಸಂಸತ್ತು 2019ರಲ್ಲಿ ಮೂರು ಸಲ ತಿರಸ್ಕರಿಸಿತು. ಮೊದಲ ಸಲ ಬಿದ್ದ ಮತಗಳು ಪರವಾಗಿ 202, ವಿರೋಧವಾಗಿ 432. ಕೊನೆಗೆ ಬೋರಿಸ್ ಜಾನ್ಸನ್ ಕಾಲದಲ್ಲಿ, 2020ರ ಜನವರಿ 31ರಂದು ಬ್ರಿಟನ್ ಒಕ್ಕೂಟದಿಂದ ಹೊರಬಂದಿತು. ಆ ವರ್ಷದ ಡಿಸೆಂಬರ್ 31ಕ್ಕೆ ಒಂದೇ ಮಾರುಕಟ್ಟೆಯ ಸಂಬಂಧವೂ ಮುಗಿಯಿತು.

ಬಿಡೋಣ ಎಂದವರೆಲ್ಲ ತಿಳಿಗೇಡಿಗಳು ಎಂದು ಬರೆಯುವುದು ಒಂದು ರೂಢಿಯಾಗಿದೆ. ನಾವು ಆ ಮಾತನ್ನು ಒಪ್ಪುವುದಿಲ್ಲ. ತಮ್ಮ ಕಾನೂನು ತಮ್ಮ ಊರಿನಲ್ಲಿ ಆಗಬೇಕು, ತಮ್ಮ ಕಡಲಿನ ಮೀನು ತಮಗೆ ಸಿಗಬೇಕು, ದೂರದ ಬ್ರಸೆಲ್ಸಿನಲ್ಲಿ ಕುಳಿತ ಅಧಿಕಾರಿಗೆ ನಮ್ಮ ಕಷ್ಟ ತಿಳಿಯದು ಎಂಬುವು ನ್ಯಾಯವಾದ ದೂರುಗಳೇ. ದೆಹಲಿಯ ಬಗ್ಗೆ, ಬೆಂಗಳೂರಿನ ಬಗ್ಗೆ ನಾವೂ ಇದೇ ಮಾತನ್ನು ಆಡಿದ್ದೇವೆ. ಆದರೆ ಮತದ ಚೀಟಿಯಲ್ಲಿ ಇದ್ದ ಪ್ರಶ್ನೆ ಉಳಿಯುವುದೇ, ಬಿಡುವುದೇ ಎಂಬಷ್ಟೇ. ಬಿಟ್ಟು ಎಲ್ಲಿಗೆ ಎಂಬ ಪ್ರಶ್ನೆ ಅದರಲ್ಲಿ ಇರಲಿಲ್ಲ. ಒಬ್ಬರು ನಾರ್ವೆಯ ಹಾಗೆ ಹೊರಗಿದ್ದೂ ಮಾರುಕಟ್ಟೆಯೊಳಗೆ ಇರೋಣ ಎಂದರು, ಇನ್ನೊಬ್ಬರು ಪೂರ್ಣ ಬಿಡುಗಡೆಯೇ ಬೇಕೆಂದರು, ಮತ್ತೊಬ್ಬರು ಕರಾರೇ ಬೇಡವೆಂದರು. ಬಿಡುವುದರಲ್ಲಿ ಬಹುಮತವಿತ್ತು, ಬಿಟ್ಟ ಮೇಲಿನ ದಾರಿಯಲ್ಲಿ ಯಾವುದಕ್ಕೂ ಬಹುಮತವಿರಲಿಲ್ಲ. ಮೂರೂವರೆ ವರ್ಷದ ಜಗಳಕ್ಕೆ ಇದೇ ಮೂಲ.

ಮನೆ ಪಾಲಾಗುವುದನ್ನು ನೋಡಿದ ನಮ್ಮವರಿಗೆ ಇದು ಅರ್ಥವಾಗದ ವಿಷಯವಲ್ಲ. ಅಣ್ಣತಮ್ಮಂದಿರು ತೋಟ ಹಿಸ್ಸೆ ಮಾಡಿಕೊಳ್ಳುವಾಗ ಮರಗಳನ್ನು ಎಣಿಸಿ ಹಂಚುವುದು ಸುಲಭ. ಬಸಿಗಾಲುವೆ, ಬಾವಿ, ಗಾಡಿ ಹೋಗುವ ದಾರಿ, ಕಣ, ಇವುಗಳ ಮಾತು ಬಂದಾಗ ಪಂಚಾಯಿತಿ ಮುಗಿಯುವುದೇ ಇಲ್ಲ. ಬ್ರಿಟನ್ನಿಗೆ ಅಂತಹ ದಾರಿ ಉತ್ತರ ಐರ್ಲೆಂಡ್ ಆಯಿತು. ಅಲ್ಲಿನ ಹಳೆಯ ರಕ್ತಪಾತ 1998ರ ಒಪ್ಪಂದದಿಂದ ನಿಂತಿತ್ತು. ಐರ್ಲೆಂಡ್ ಗಣರಾಜ್ಯದ ಜೊತೆಗಿನ ಗಡಿಯಲ್ಲಿ ಮತ್ತೆ ಗೇಟು ಹಾಕುವಂತಿರಲಿಲ್ಲ. ಹೀಗಾಗಿ ಸರಕಿನ ವಿಷಯದಲ್ಲಿ ಉತ್ತರ ಐರ್ಲೆಂಡ್ ಯುರೋಪಿನ ಅನೇಕ ನಿಯಮಗಳೊಳಗೇ ಉಳಿಯಿತು. ತಪಾಸಣೆ ಬ್ರಿಟನ್ನಿನ ಒಳಗಿನ ಸಮುದ್ರದ ಮೇಲೆ ಬಂದಿತು. ಅದರ ತಗಾದೆಯನ್ನು ಸರಿಪಡಿಸಲು 2023ರಲ್ಲಿ ಇನ್ನೊಂದು ಒಪ್ಪಂದ ಮಾಡಬೇಕಾಯಿತು.

ಬಿಡುಗಡೆಯಿಂದ ಬಂದ ಲಾಭವೇ ಇಲ್ಲವೇ? ಇದೆ. ಯುರೋಪಿಯನ್ ಒಕ್ಕೂಟದೊಡನೆ ಭಾರತ 2007ರಲ್ಲಿ ವ್ಯಾಪಾರ ಮಾತುಕತೆ ಆರಂಭಿಸಿದಾಗ ಬ್ರಿಟನ್ ಆ ಮೇಜಿನಲ್ಲಿ ಹಲವರೊಳಗೆ ಒಬ್ಬನಾಗಿತ್ತು. ಆ ಮಾತುಕತೆ 2013ರಲ್ಲಿ ನಿಂತುಹೋಯಿತು. ಹೊರಬಂದ ಬ್ರಿಟನ್ ತಾನೇ ಬಂದು ಕುಳಿತು, 2025ರ ಜುಲೈ 24ರಂದು ಭಾರತದೊಡನೆ ಒಪ್ಪಂದಕ್ಕೆ ಸಹಿ ಹಾಕಿತು. ಇನ್ನು ನಷ್ಟದ ಪಾಲು. ಅಲ್ಲಿನ ಸರ್ಕಾರದ ಆಯವ್ಯಯವನ್ನು ಪರಿಶೀಲಿಸುವ ಸ್ವತಂತ್ರ ಕಚೇರಿಯ ಅಂದಾಜಿನಂತೆ, ಒಕ್ಕೂಟದಲ್ಲೇ ಉಳಿದಿದ್ದರೆ ಇರುತ್ತಿದ್ದುದಕ್ಕಿಂತ ದೇಶದ ಉತ್ಪಾದಕತೆ ದೀರ್ಘಕಾಲದಲ್ಲಿ ಶೇಕಡಾ 4ರಷ್ಟು ಕಡಿಮೆಯಾಗುವುದು. ಯುರೋಪಿನ ಸಂಶೋಧನಾ ಯೋಜನೆಯಿಂದ ಹೊರಬಿದ್ದ ಬ್ರಿಟನ್, 2024ರಲ್ಲಿ ಹಣ ಕಟ್ಟಿ ಮತ್ತೆ ಅದೇ ಯೋಜನೆಗೆ ಸೇರಿಕೊಂಡಿತು.

ಆಳಿನ ವಿಷಯವನ್ನು ತೋಟದವರು ಗಮನಿಸಬೇಕು. ಹೊರಗಿನವರು ಹೆಚ್ಚಾದರೆಂಬ ಸಿಟ್ಟು ಬಿಡೋಣ ಎಂಬ ಮತಕ್ಕೆ ಒಂದು ದೊಡ್ಡ ಕಾರಣ. ಅಲ್ಲಿಯ ಹಣ್ಣಿನ ತೋಟಗಳಲ್ಲಿ ಕೊಯ್ಲು ಮಾಡುತ್ತಿದ್ದವರು ಬಹುಪಾಲು ರುಮೇನಿಯಾ, ಬಲ್ಗೇರಿಯಾ ಕಡೆಯವರು. ಅವರು ಬರುವ ಬಾಗಿಲು ಮುಚ್ಚಿದ ಮೇಲೆ ಹಣ್ಣು ಕೊಯ್ಯುವವರಿಲ್ಲವೆಂದು ಹೊರದೇಶದ ಋತುಮಾನದ ಕೆಲಸಗಾರರಿಗೆ ಪರವಾನಗಿ ಕೊಡಬೇಕಾಯಿತು. 2019ರಲ್ಲಿ 2,500 ಇದ್ದ ಆ ಪರವಾನಗಿ 2021ಕ್ಕೆ 30,000 ಆಯಿತು. ಅಸ್ಸಾಮಿನಿಂದ ಬಂದವರು ಕಾಫಿ ಕೊಯ್ದು ಕೊಡದಿದ್ದರೆ ಹಣ್ಣು ಗಿಡದಲ್ಲೇ ಒಣಗುವ ಸ್ಥಿತಿ ನಮ್ಮ ಎಷ್ಟೋ ತೋಟಗಳಲ್ಲಿ ಇದೆ. ಅವರನ್ನು ಲೈನ್ ಮನೆಯಲ್ಲಿ ಇಟ್ಟುಕೊಂಡು, ಸಂತೆಯಲ್ಲಿ ಅವರ ವಿರುದ್ಧ ಭಾಷಣ ಮಾಡುವವರು ನಮ್ಮಲ್ಲಿಯೂ ಇದ್ದಾರೆ. ಜಾಲಹಳ್ಳಿಯ ಮನೆಗಳಿಗೂ ಈ ಮಾತು ತಾಗುತ್ತದೆ. ಯುರೋಪಿನವರ ಬಾಗಿಲು ಮುಚ್ಚಿದರೆ ಭಾರತೀಯರಿಗೆ ತೆರೆಯುತ್ತದೆಂಬ ಆಸೆಯನ್ನು 2016ರಲ್ಲಿ ಅಲ್ಲಿನ ರಾಜಕಾರಣಿಗಳು ಹುಟ್ಟಿಸಿದ್ದರು. 2021ರ ಹೊಸ ನಿಯಮದ ನಂತರ ನಮ್ಮ ಮಕ್ಕಳು ಹೆಚ್ಚಾಗಿ ಹೋದದ್ದೂ ನಿಜ. 2024ರಲ್ಲಿ ಸಂಬಳದ ಮಿತಿಯನ್ನು ಏರಿಸಿ ಅದೇ ಬಾಗಿಲನ್ನು ಅರ್ಧ ಎಳೆದದ್ದೂ ನಿಜ.

ಇನ್ನು ನಮ್ಮ ಮನೆಯ ಕಥೆ. ಕೂಟ ಬಿಡುವ ಅನುಭವಕ್ಕೆ ನಾವು ಇಂಗ್ಲೆಂಡಿನವರೆಗೆ ಹೋಗಬೇಕಾಗಿಲ್ಲ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿ ಕಾಫಿ ಕೇಳುವವರಿಲ್ಲದಾಗ, 1942ರ ಕಾಯಿದೆಯ ಮೂಲಕ ಕಾಫಿ ಪೂಲ್ ಬಂದಿತು. ಮನೆ ಖರ್ಚಿಗೆ, ಬಿತ್ತನೆಗೆ ಇಟ್ಟುಕೊಂಡು ಉಳಿದದ್ದೆಲ್ಲ ಕಾಫಿ ಮಂಡಳಿಗೆ ಒಪ್ಪಿಸಬೇಕಿತ್ತು. ಹಣ ಕಂತು ಕಂತಾಗಿ ಬರುತ್ತಿತ್ತು. ತನ್ನ ಬೆಳೆಯನ್ನು ತಾನು ಮಾರಿದರೆ ಅಪರಾಧ. ಆ ಕಾಲದ ಬೆಳೆಗಾರರ ಸಿಟ್ಟು ನಮ್ಮ ಹಿರಿಯರಿಗೆ ಇನ್ನೂ ನೆನಪಿದೆ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಕೋಟಾ ಮುರಿದುಬಿತ್ತು. 1991ರಲ್ಲಿ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. 1992ರಿಂದ ಹಂತ ಹಂತವಾಗಿ ಕಟ್ಟು ಸಡಿಲಿಸಿ, 1996ಕ್ಕೆ ಎಲ್ಲ ಬೆಳೆಗಾರರಿಗೂ ಪೂರ್ಣ ಮಾರಾಟದ ಸ್ವಾತಂತ್ರ್ಯ ಬಂದಿತು.

ಅದು ತಪ್ಪಾಯಿತೆಂದು ನಾವು ಹೇಳುವುದಿಲ್ಲ. ಕಡ್ಡಾಯದ ಪೂಲ್ ಮರಳಿ ಬರಲಿ ಎನ್ನುವ ಬೆಳೆಗಾರ ನಮಗೆ ಸಿಕ್ಕಿಲ್ಲ. 1994ರಲ್ಲಿ ಬ್ರೆಜಿಲ್ಲಿನಲ್ಲಿ ಇಬ್ಬನಿ ಕಟ್ಟಿ ಬೆಳೆ ಸುಟ್ಟಾಗ ದರ ನೆಗೆಯಿತು, ಬಿಡುಗಡೆಯ ರುಚಿ ಚೆನ್ನಾಗಿಯೇ ಹತ್ತಿತು. 2001, 2002ರಲ್ಲಿ ದರ ನೆಲ ಕಚ್ಚಿತು. ಆಗ ಚೀಲ ಹೊತ್ತು ಒಬ್ಬೊಬ್ಬರೇ ವ್ಯಾಪಾರಿಯ ಬಾಗಿಲಿಗೆ ಹೋಗಿ, ಅವನು ಹೇಳಿದ ಔಟ್‌ಟರ್ನನ್ನೇ ಒಪ್ಪಿ ಬಂದವರು ಯಾರೆಂದು ಸದಸ್ಯರಿಗೆ ಗೊತ್ತಿದೆ. ಆದರೆ ಒಂದು ಅಂಶ ಗಮನಿಸಿರಿ. ಪೂಲ್ ಹೋಯಿತು, ಮಂಡಳಿ ಉಳಿಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಸಂಶೋಧನಾ ಕೇಂದ್ರ ಉಳಿಯಿತು. ಬಿಡುಗಡೆ ಹಂತ ಹಂತವಾಗಿ ಬಂದಿತು. ಪಾಲು ಮಾಡಬಾರದ್ದನ್ನು ಪಾಲು ಮಾಡಲಿಲ್ಲ. ಈ ವಿವೇಕವೇ ನಮ್ಮನ್ನು ಅಷ್ಟಿಷ್ಟು ಕಾಪಾಡಿತು.

ಕೂಟಕ್ಕೆ ಸೇರುವುದರಲ್ಲಿಯೂ ಇಂತಹುದೇ ಲೆಕ್ಕವಿದೆ. ಶ್ರೀಲಂಕಾದೊಡನೆ 1998ರಲ್ಲಿ ಆದ ಒಪ್ಪಂದದ ಬಾಗಿಲಿನಿಂದ ಬೇರೆ ದೇಶದ ಮೆಣಸೂ ಬರುತ್ತಿದೆಯೆಂದು ಬೆಳೆಗಾರರು ಕೂಗಿಕೊಂಡ ಮೇಲೆ, 2017ರಲ್ಲಿ ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ದರ ಗೊತ್ತಾಯಿತು. ಅಡಿಕೆಗೆ 251 ರೂಪಾಯಿ ಇದ್ದ ಅಂತಹ ದರವನ್ನು 2023ರಲ್ಲಿ 351ಕ್ಕೆ ಏರಿಸಲಾಯಿತು. ಪೂರ್ವ ಏಷ್ಯಾದ ದೊಡ್ಡ ವ್ಯಾಪಾರ ಕೂಟಕ್ಕೆ ತಾನು ಸೇರುವುದಿಲ್ಲವೆಂದು ಭಾರತ 2019ರ ನವೆಂಬರ್ 4ರಂದು ಹೇಳಿದಾಗ ರೈತರು ನಿಟ್ಟುಸಿರು ಬಿಟ್ಟರು. ಆದ್ದರಿಂದ ಕೂಟ ಎಂದೊಡನೆ ಕೈಮುಗಿಯುವುದೂ ನಮ್ಮ ಪಕ್ಷವಲ್ಲ.

ಹಾಗಾದರೆ ನಮ್ಮ ಪಕ್ಷವೇನು? ಈಗ ಬಂದಿರುವ ಒಂದು ನಿಯಮದಿಂದ ಅದು ಸ್ಪಷ್ಟವಾಗುತ್ತದೆ. ನಮ್ಮ ದೇಶದ ಕಾಫಿಗೆ ಇಟಲಿ, ಜರ್ಮನಿ ದೊಡ್ಡ ಗಿರಾಕಿಗಳು. ಹುರಿಯದ ಬೀಜಕ್ಕೆ ಯುರೋಪಿನಲ್ಲಿ ಆಮದು ಸುಂಕವಿಲ್ಲ. ಅಡ್ಡ ಬಂದಿರುವುದು ಅರಣ್ಯನಾಶ ತಡೆಯುವ ಅವರ 2023ರ ಕಾನೂನು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಬ್ರಿಟನ್ ಆ ಮಾರುಕಟ್ಟೆಯಿಂದ ಹೊರಬಿದ್ದ ದಿನವೂ ಅದೇ ಆಗಿರುವುದು ಕಾಕತಾಳೀಯ. ಬೀಜ ಬೆಳೆದ ತಾಕು ಭೂಪಟದಲ್ಲಿ ಎಲ್ಲಿದೆ ಎಂಬ ಗುರುತನ್ನು ಮಾಲಿನೊಡನೆ ಕೊಡಬೇಕು. 4 ಹೆಕ್ಟೇರಿಗೆ ಮೀರಿದ ತಾಕಾದರೆ ಸುತ್ತಳತೆಯ ಗಡಿಯನ್ನೇ ಗುರುತಿಸಬೇಕು. ಜಾರಿಯ ದಿನವನ್ನು ಎರಡು ಸಲ ಮುಂದೂಡಿದ್ದಾರೆ, ಕಾನೂನನ್ನು ಹಿಂತೆಗೆದುಕೊಂಡಿಲ್ಲ.

ಬ್ರಿಟನ್ ಹೊರಬಂದಿತಲ್ಲ, ಅದಕ್ಕೆ ಈ ಕಾನೂನು ಇಲ್ಲವಷ್ಟೆ ಎನ್ನಬಹುದು. ಆದರೆ ಲಂಡನ್ನಿನಲ್ಲಿ ಹುರಿದ ಕಾಫಿಯನ್ನು ಪ್ಯಾರಿಸಿನಲ್ಲಿ ಮಾರಬೇಕಾದರೆ ಅವರೂ ಈ ಕಾಗದ ಕೊಡಲೇಬೇಕು. ಹಿಂದೆ ಆ ಕಾನೂನು ಬರೆಯುವ ಮನೆಯಲ್ಲಿ ಅವರಿಗೊಂದು ಮತವಿತ್ತು, ಈಗ ಇಲ್ಲ. ಕೂಟದಿಂದ ಹೊರಬಂದವನು ನಿಯಮದಿಂದ ಹೊರಬರುವುದಿಲ್ಲ, ನಿಯಮ ಮಾಡುವ ಪಡಸಾಲೆಯಿಂದ ಮಾತ್ರ ಹೊರಬರುತ್ತಾನೆ. ನಮ್ಮ ಮೂರು ಎಕರೆಯ ಸದಸ್ಯರೂ ಇದನ್ನೇ ಯೋಚಿಸಬೇಕು. ಸಂಘ ಬಿಟ್ಟು ಮಾರಿದರೂ ಇಟಲಿಯವನು ತಾಕಿನ ಗುರುತು ಕೇಳದೆ ಬಿಡನು. ಆ ಕಾಗದವನ್ನು ಸಂಘದ ಗುಮಾಸ್ತರು ನೂರಾರು ಮಂದಿಗೆ ಒಟ್ಟಿಗೆ ಮಾಡಿಕೊಡುವುದಕ್ಕೂ, ವ್ಯಾಪಾರಿ ಮಾಡಿಕೊಟ್ಟು ಅದರ ಖರ್ಚನ್ನು ದರದಲ್ಲಿ ಮುರಿದುಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಎರಡನೆಯ ಕಡೆ ಲೆಕ್ಕ ಕೇಳುವ ಹಕ್ಕು ನಿಮಗಿಲ್ಲ.

ಠರಾವು ತಂದವರ ದೂರುಗಳನ್ನು ನಾವು ಮರೆಮಾಚುವುದಿಲ್ಲ. ಹಣ ಪಾವತಿ ತಡವಾಗುತ್ತಿದೆ. ಅಡಿಕೆಯ ದರ್ಜೆ ಕಟ್ಟುವಾಗ ಕೆಲವರಿಗೆ ಒಂದು ಕಣ್ಣು, ಕೆಲವರಿಗೆ ಇನ್ನೊಂದು ಕಣ್ಣು ಎಂಬ ಮಾತಿದೆ. ಮುಂಗಡದ ಬಡ್ಡಿ ಹೆಚ್ಚೆಂಬ ಆಕ್ಷೇಪವಿದೆ. ಇವು ಸುಳ್ಳಲ್ಲ. ಇವನ್ನು ವರ್ಷಗಟ್ಟಲೆ ಕೇಳಿಸಿಕೊಳ್ಳದ ಆಡಳಿತ ಮಂಡಳಿ, ಈಗ ಐಕಮತ್ಯದ ಉಪದೇಶ ಮಾಡಿದರೆ ಯಾರೂ ಕೇಳುವುದಿಲ್ಲ. ಬ್ರಿಟನ್ನಿನಲ್ಲಿಯೂ ಉಳಿಯೋಣ ಎಂದವರು ಹೆದರಿಸಿದರೇ ವಿನಾ, ಸೋತ ಊರುಗಳ ದುಃಖವನ್ನು ಕೇಳಲಿಲ್ಲ. ಬಿಡೋಣ ಎಂದವರು ವಾರಕ್ಕೆ 35 ಕೋಟಿ ಪೌಂಡ್ ಉಳಿಯುತ್ತದೆಂದು ಬಸ್ಸಿನ ಮೇಲೆ ಬರೆಸಿದರು. ಆ ಅಂಕಿ ದಾರಿ ತಪ್ಪಿಸುವಂಥದ್ದೆಂದು ಅಲ್ಲಿನ ಅಂಕಿಅಂಶ ಪ್ರಾಧಿಕಾರವೇ ಹೇಳಿತು. ಎರಡು ಕಡೆಯ ತಪ್ಪೂ ನಮ್ಮ ಮಹಾಸಭೆಯಲ್ಲಿ ಮರುಕಳಿಸಬಾರದು.

ಆದ್ದರಿಂದ ನಮ್ಮ ಸಲಹೆ ಇಷ್ಟು. ಒಂದು, ಪಾವತಿಗೆ ಗಡುವು ಮತ್ತು ದರ್ಜೆ ಕಟ್ಟುವಲ್ಲಿ ಸದಸ್ಯರ ಪ್ರತಿನಿಧಿ, ಇವೆರಡನ್ನೂ ಆಡಳಿತ ಮಂಡಳಿ ಮಹಾಸಭೆಗೆ ಮೊದಲೇ ಬರೆದುಕೊಡಲಿ. ಎರಡು, ಠರಾವು ತಂದವರು ಬೈಲಾ ಹೋದ ಮೇಲೆ ಗೋದಾಮಿನ ಸಾಲ, ಒಣಗಿಸುವ ಕಣ, ತಾಕು ಗುರುತಿನ ಕೆಲಸ ಯಾರ ತಲೆಗೆ ಎಂಬುದನ್ನು ಬರೆದುಕೊಡಲಿ. ಮೂರು, ಎರಡೂ ಕಾಗದಗಳು ಪ್ರತಿ ಸದಸ್ಯನ ಕೈಗೆ ತಲುಪಿದ ಮೇಲೆಯೇ ಮತಕ್ಕೆ ಹಾಕಲಿ. ಬಿಡಬೇಕೆಂದು ಬಹುಮತ ಬಂದರೆ, 1992ರಿಂದ ಕಾಫಿಯಲ್ಲಿ ಆದಂತೆ, ಹಂತ ಹಂತವಾಗಿ ಆಗಲಿ.

ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲವೆಂದು ಹಿರಿಯರು ಹೇಳಿದ್ದಾರೆ. ಮೂಗಿನ ನೋವನ್ನು ಕೇಳದೆ ಸುಮ್ಮನಿರು ಎಂದು ಗದರುವುದೂ ವೈದ್ಯವಲ್ಲ. ಜಾಲಹಳ್ಳಿಯ ಮಾವ ಮತ್ತು ಅಳಿಯ ಇಬ್ಬರೂ ಮಹಾಸಭೆಗೆ ಬರುವುದಾಗಿ ತಿಳಿಸಿದ್ದಾರೆ. ಮತ ಒಂದು ಕಡೆಗೇ ಬೀಳಬೇಕೆಂದಿಲ್ಲ. ಮಧ್ಯಾಹ್ನದ ಊಟಕ್ಕೆ ಮಾತ್ರ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳಬೇಕೆಂದು ನಮ್ಮ ಪ್ರಾರ್ಥನೆ.