ಪಕ್ಕದ ವರ್ಕ್‌ಶಾಪ್‌ಗೆ ಕೆಲಸದ ಗುಟ್ಟು ಹೇಳಿದರೆ ನಮ್ಮ ವ್ಯಾಪಾರ ಮುಳುಗುತ್ತದೆಯೇ?

‘ಕೆಲಸದ ಗುಟ್ಟು ಯಾರಿಗೂ ಹೇಳಬೇಡಿ, ಪಕ್ಕದವನೇ ಮೊದಲ ಶತ್ರು’ ಎನ್ನುವಂಥ ಸಲಹೆಗಳು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ಸಣ್ಣ ಕಾರ್ಖಾನೆಗಳ ವಿಷಯದಲ್ಲಿ ಇದು ಎಷ್ಟು ನಿಜ? ನಡೆದ ಒಂದು ಘಟನೆಯನ್ನೇ ನೋಡೋಣ.

1994ರಲ್ಲಿ ಬಿದ್ದ ಪೆಟ್ಟು

ಪಾಕಿಸ್ತಾನದ ಸಿಯಾಲ್‌ಕೋಟ್ ಆಪರೇಷನ್‌ಗೆ ಬಳಸುವ ಕತ್ತರಿ, ಚಿಮಟಗಳಿಗೆ ಹೆಸರಾದ ಊರು. ಅಲ್ಲಿ ಒಂದು ಕತ್ತರಿ ಹಲವು ಸಣ್ಣ ವರ್ಕ್‌ಶಾಪ್‌ಗಳನ್ನು ದಾಟಿ ತಯಾರಾಗುತ್ತದೆ. ಒಬ್ಬರು ಉಕ್ಕಿಗೆ ಆಕಾರ ಕೊಟ್ಟರೆ, ಇನ್ನೊಬ್ಬರು ಉಜ್ಜುತ್ತಾರೆ, ಮತ್ತೊಬ್ಬರು ಪಾಲಿಶ್ ಮಾಡುತ್ತಾರೆ. 1994ರಲ್ಲಿ ಗುಣಮಟ್ಟದ ಕಾರಣ ನೀಡಿ ಅಮೆರಿಕದ ಎಫ್‌ಡಿಎ ಈ ಉಪಕರಣಗಳ ಆಮದನ್ನು ತಡೆಯಿತು. ದೊಡ್ಡ ಮಾರುಕಟ್ಟೆಯೇ ಕೈತಪ್ಪಿತು.

ಸಾಣೆ ಹಿಡಿಯುವವರು ಎಷ್ಟೇ ಚೆನ್ನಾಗಿ ಮಾಡಿದರೂ ಉಕ್ಕು ಕಾಯಿಸುವಲ್ಲಿ ತಪ್ಪಾದರೆ ಕತ್ತರಿ ಕೆಟ್ಟಂತೆಯೇ. ಹಾಗಾಗಿ ಎಲ್ಲರೂ ಒಟ್ಟಿಗೆ ಕಲಿಯದೆ ದಾರಿ ಇರಲಿಲ್ಲ. ತಯಾರಕರ ಸಂಘವು ಸರ್ಕಾರದ ನೆರವಿನೊಂದಿಗೆ ವಿದೇಶಿ ತಜ್ಞರನ್ನು ಕರೆಸಿ, ಜಿಎಂಪಿ ಎಂಬ ತಯಾರಿಕಾ ಪದ್ಧತಿಯ ತರಬೇತಿ ಕೊಡಿಸಿತು. ಕೆಲವೇ ವರ್ಷಗಳಲ್ಲಿ ಅನೇಕ ಕಾರ್ಖಾನೆಗಳು ಆ ಮಟ್ಟ ಮುಟ್ಟಿದವು, ಅಮೆರಿಕಕ್ಕೆ ರಫ್ತು ಚೇತರಿಸಿಕೊಂಡಿತು.

ಸಂಪರ್ಕ ಒಂದೇ ಸಾಕೇ?

ಸಾಲದು. ಹೊರಗಿನ ಜ್ಞಾನ ನಮಗೆ ದಕ್ಕಬೇಕಾದರೆ ಒಳಗೆ ಸ್ವಲ್ಪ ತಿಳಿವಳಿಕೆ ಮೊದಲೇ ಇರಬೇಕು ಎಂದು ಸಂಶೋಧಕರಾದ ಕೋಹೆನ್ ಮತ್ತು ಲೆವಿಂಥಾಲ್ 1990ರಲ್ಲೇ ವಿವರಿಸಿದ್ದರು. ಸಿಎನ್‌ಸಿ ಯಂತ್ರ ಕೊಂಡರಷ್ಟೇ ಆಗಲಿಲ್ಲ, ಡ್ರಾಯಿಂಗ್ ಓದಬಲ್ಲ, ಅಳತೆ ತಪ್ಪಿದ್ದೇಕೆ ಎಂದು ಕಂಡುಹಿಡಿಯಬಲ್ಲ ಒಬ್ಬರಾದರೂ ವರ್ಕ್‌ಶಾಪ್‌ನಲ್ಲಿ ಇರಬೇಕು.

ಆ ಒಬ್ಬರನ್ನು ತಯಾರು ಮಾಡುವ ವ್ಯವಸ್ಥೆ ನಮ್ಮಲ್ಲೂ ಇದೆ. ಬೆಂಗಳೂರಿನಲ್ಲಿ 1972ರಲ್ಲಿ ಡೆನ್ಮಾರ್ಕ್ ಸಹಕಾರದಿಂದ ಶುರುವಾದ ಜಿಟಿಟಿಸಿ ಟೂಲ್ ಮತ್ತು ಡೈ ತಯಾರಿಕೆಯ ತರಬೇತಿ ಕೊಡುತ್ತದೆ. ಇಂದು ಅದರ ಕೇಂದ್ರಗಳು ಹಲವು ಜಿಲ್ಲೆಗಳಲ್ಲಿವೆ.

ಹಾಗಾದರೆ ಎಲ್ಲವನ್ನೂ ಹೇಳಿಬಿಡಬೇಕೇ?

ಖಂಡಿತ ಬೇಡ. ಗ್ರಾಹಕರ ಪಟ್ಟಿ, ಕೊಟ್ಟ ದರ, ನಮ್ಮದೇ ಹೊಸ ವಿನ್ಯಾಸ ನಮ್ಮಲ್ಲೇ ಇರಲಿ. ಆದರೆ ಗುಣಮಟ್ಟದ ನಿಯಮ, ಪರೀಕ್ಷೆ ಮಾಡುವ ವಿಧಾನ, ಯಂತ್ರ ಕೆಡುವ ಕಾರಣ ಇವನ್ನು ಹಂಚಿಕೊಂಡರೆ ಇಡೀ ಊರಿನ ಕೆಲಸಕ್ಕೆ ಬೆಲೆ ಬರುತ್ತದೆ.

ಆದ್ದರಿಂದ ಆ ಫಾರ್ವರ್ಡ್ ಅರ್ಧ ಮಾತ್ರ ನಿಜ. ಮುಂದೆ ಕಳುಹಿಸುವ ಮೊದಲು ಉಳಿದರ್ಧವನ್ನೂ ಸೇರಿಸಿ.