ಲ್ಯಾಪ್‌ಟಾಪಿಗೆ ದುಡ್ಡು ಎಣಿಸುವ ಮೊದಲು ಬಿಲ್ಲು ಬರೆಸಿಕೊಳ್ಳಿ

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ತಂದೆತಾಯಂದಿರಲ್ಲಿ, ಅಂಗಡಿ ಮಾಲೀಕರಲ್ಲಿ ಮತ್ತು ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮೂರಿನ ಹುಡುಗ ಹುಡುಗಿಯರಲ್ಲಿ ಒಂದು ಕಳಕಳಿಯ ಮನವಿ.

ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕ ಮನೆಯಲ್ಲಿ ಸಿಹಿ ಹಂಚಿ ಮುಗಿಯುವ ಮುಂಚೆಯೇ ಲೆಕ್ಕಾಚಾರ ಶುರುವಾಗುತ್ತದೆ. ಫೀಸು, ಹಾಸ್ಟೆಲ್ಲು, ಅದರ ಮೇಲೆ ಲ್ಯಾಪ್‌ಟಾಪ್. ಹೊಸದಕ್ಕೆ ನಲವತ್ತೈದು, ಐವತ್ತು ಸಾವಿರ ಎಂದ ಕೂಡಲೇ ಬುಕ್ಕಾಪಟ್ಟಣದ ಕಡೆಯೋ ಹುಲಿಕುಂಟೆ ಕಡೆಯೋ ಮಳೆ ನಂಬಿ ಕಡಲೆಕಾಯಿ ಬಿತ್ತಿದವರು ಒಡವೆ ಅಡ ಇಡಲು ಹೊರಡುತ್ತಾರೆ. ದಯವಿಟ್ಟು ಅದು ಬೇಡ. ಬೆಂಗಳೂರಿನ ಕಂಪನಿಗಳು ಕೆಲವು ವರ್ಷಕ್ಕೊಮ್ಮೆ ಬದಲಾಯಿಸುವ ಡೆಲ್ ಲ್ಯಾಟಿಟ್ಯೂಡ್, ಲೆನೊವೊ ಥಿಂಕ್‌ಪ್ಯಾಡ್, ಎಚ್‌ಪಿ ಎಲೀಟ್‌ಬುಕ್‌ನಂಥ ಗಟ್ಟಿ ಯಂತ್ರಗಳು ರಿಪೇರಿಯಾಗಿ ಅಲ್ಲಿನ ಎಸ್.ಪಿ. ರೋಡಿಗೂ ನಮ್ಮ ಊರಿನ ಅಂಗಡಿಗಳಿಗೂ ಬರುತ್ತವೆ. ಹೊಸದರ ಅರ್ಧ ಬೆಲೆಗೆ ಸಿಗುವ ಅವು ಮೊದಲ ವರ್ಷದ ಸಿ, ಪೈಥಾನ್ ಕಲಿಕೆಗೆ ಧಾರಾಳವಾಗಿ ಸಾಕು.

ಆದರೆ ಕಣ್ಣು ಮುಚ್ಚಿ ಕೊಳ್ಳಬೇಡಿ. ಕಡಲೆಕಾಯಿ ವ್ಯಾಪಾರಿ ಮೂಟೆಯಿಂದ ಒಂದು ಹಿಡಿ ತೆಗೆದು, ಸುಲಿದು, ಕಾಳು ನೋಡಿದ ಮೇಲಲ್ಲವೇ ರೇಟು ಹೇಳುವುದು? ಇಲ್ಲಿಯೂ ಹಾಗೆಯೇ ಮಾಡಿ.

‘ಐ5 ಪ್ರೊಸೆಸರ್ ಇದೆ’ ಎಂಬ ಮಾತಿಗೆ, ಮೇಲಿನ ಸ್ಟಿಕ್ಕರಿಗೆ ಮರುಳಾಗಬೇಡಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ತೆರೆಸಿ. ಐ5-4300ಯು ಎಂದಿದ್ದರೆ ಅದು ನಾಲ್ಕನೇ ತಲೆಮಾರಿನದು, 2013ರ ಕಾಲದ್ದು. ಐ5-8250ಯು ಎಂದರೆ ಎಂಟನೆಯದು, ಐ5-1135ಜಿ7 ಎಂದರೆ ಹನ್ನೊಂದನೆಯದು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತುಹೋಗಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರ ನಂತರದ್ದೇ ಆಗಬೇಕು. ಅದಕ್ಕಿಂತ ಹಳೆಯದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ನಾಲ್ಕು ವರ್ಷದ ಓದಿಗೆ ತರಬೇಡಿ. ರ‍್ಯಾಮ್ 8 ಜಿಬಿಗೆ ಕಡಿಮೆ ಬೇಡ. ಡ್ರಾಯಿಂಗ್ ಸಾಫ್ಟ್‌ವೇರ್ ಹೆಚ್ಚು ಬಳಸುವ ಸಿವಿಲ್, ಮೆಕ್ಯಾನಿಕಲ್ ಮಕ್ಕಳಿಗೆ 16 ಇದ್ದರೆ ಒಳ್ಳೆಯದು. ಹಳೇ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಇರಲಿ.

ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದ ಹಳ್ಳಿಗಳಲ್ಲಿ ಬ್ಯಾಟರಿಯೇ ಮುಖ್ಯ. ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯಬಹುದು, ಅಂಗಡಿಯವರಿಗೆ ಒಂದು ನಿಮಿಷದ ಕೆಲಸ. ಹೊಸದರಲ್ಲಿ 50,000 ಇದ್ದ ಸಾಮರ್ಥ್ಯ ಈಗ 30,000 ಎಂದು ತೋರಿಸಿದರೆ ಉಳಿದಿರುವುದು ಶೇ 60 ಮಾತ್ರ. ಹೊಸ ಬ್ಯಾಟರಿ ಹಾಕಿಸಿ ಕೊಡಿ ಎನ್ನಿ, ಇಲ್ಲವೇ ಬೆಲೆ ಇಳಿಸಿ ಎನ್ನಿ. ಕೊನೆಗೆ ಒಮ್ಮೆ ಆಫ್ ಮಾಡಿ ಆನ್ ಮಾಡುವಾಗ ಡೆಲ್ ಆದರೆ ಎಫ್2, ಥಿಂಕ್‌ಪ್ಯಾಡ್ ಆದರೆ ಎಫ್1, ಎಚ್‌ಪಿ ಆದರೆ ಎಫ್10 ಒತ್ತಿಸಿ. ಪಾಸ್‌ವರ್ಡ್ ಕೇಳಿತೋ, ಹಳೇ ಕಂಪನಿಯ ಬೀಗ ಇನ್ನೂ ತೆಗೆದಿಲ್ಲ ಎಂದರ್ಥ. ಅದನ್ನು ಅಲ್ಲೇ ಬಿಟ್ಟು ಬನ್ನಿ.

ಇಷ್ಟೆಲ್ಲ ನೋಡಿದ ಮೇಲೂ ‘ಏನಾದರೂ ಆದರೆ ನಾನಿದ್ದೀನಲ್ಲ ಅಣ್ಣ’ ಎಂಬ ಬಾಯಿಮಾತಿನ ಮೇಲೆ ದುಡ್ಡು ಕೊಡಬೇಡಿ. ಪ್ರೊಸೆಸರ್ ಹೆಸರು ಪೂರ್ತಿಯಾಗಿ, ರ‍್ಯಾಮ್, ಎಸ್‌ಎಸ್‌ಡಿ, ಸೀರಿಯಲ್ ನಂಬರ್, ವಾರಂಟಿ ಎಷ್ಟು ತಿಂಗಳು, ಇವಿಷ್ಟೂ ಬಿಲ್ಲಿನಲ್ಲಿ ಬರಲಿ. ಕದ್ದ ಮಾಲು ಎಂಬ ತಕರಾರು ನಾಳೆ ಎದ್ದರೂ ನಿಮ್ಮ ಕೈಯಲ್ಲಿ ಉಳಿಯುವುದು ಆ ಚೀಟಿಯೇ. ಬಿಲ್ಲು ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆದಿದೆ. 1915ಕ್ಕೆ ಫೋನ್ ಮಾಡಿ ದೂರು ಹೇಳಬಹುದು. ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬೇಕಾಗಿ ಬಂದರೆ, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಅಲ್ಲಿ ಶುಲ್ಕವೂ ಇಲ್ಲ.

ಅಂಗಡಿ ಮಾಲೀಕರೇ, ಇದು ನಿಮ್ಮ ಮೇಲಿನ ಅಪನಂಬಿಕೆಯಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದುಕೊಡುವ ಅಂಗಡಿಗೆ ಅಣ್ಣನ ಹಿಂದೆ ತಂಗಿಯೂ ಬರುತ್ತಾಳೆ, ಪಕ್ಕದ ಮನೆಯವರೂ ಬರುತ್ತಾರೆ. ಯಂತ್ರದ ತಲೆಮಾರು, ಬ್ಯಾಟರಿಯ ಸ್ಥಿತಿ ಎರಡನ್ನೂ ಬೆಲೆಯ ಪಕ್ಕದಲ್ಲೇ ಬರೆದು ಅಂಟಿಸಿ.

ಬೆಂಗಳೂರಿನಲ್ಲಿರುವ ತಮ್ಮಂದಿರೇ, ತಂಗಿಯರೇ, ಕಂಪ್ಯೂಟರನ್ನು ಮುಟ್ಟಿಯೇ ನೋಡದ ಅಪ್ಪಂದಿರಿಗೆ ಈ ಮೇಲಿನದೆಲ್ಲ ಕಬ್ಬಿಣದ ಕಡಲೆ. ಸೀಟು ಹಂಚಿಕೆಯ ತಿಂಗಳಲ್ಲಿ ಊರಿಗೆ ಬಂದಾಗ ಒಂದು ಭಾನುವಾರ ಗ್ರಂಥಾಲಯದಲ್ಲೋ ಪಿಯು ಕಾಲೇಜಿನ ಕೊಠಡಿಯಲ್ಲೋ ಕೂತು, ಬಂದವರಿಗೆ ಲ್ಯಾಪ್‌ಟಾಪ್ ಪರೀಕ್ಷಿಸಿ ಕೊಡಿ. ಯಾರಾದರೂ ಎಸ್.ಪಿ. ರೋಡಿಗೇ ಬಂದರೆ ಮೆಜೆಸ್ಟಿಕ್‌ನಿಂದ ಜೊತೆಗೆ ಹೋಗಿ. ಅದೂ ಆಗದಿದ್ದರೆ ವಿಡಿಯೊ ಕಾಲ್‌ನಲ್ಲಿ ಆ ಅಬೌಟ್ ಪುಟ ಓದಿ ಹೇಳಿ. ಈ ವರ್ಷ ನಿಮ್ಮ ಹಳ್ಳಿಯಲ್ಲಿ ಯಾರ ಮಗುವಿಗೆ ಸೀಟು ಸಿಕ್ಕಿದೆ ಎಂದು ಇವತ್ತೇ ಮನೆಗೆ ಫೋನ್ ಮಾಡಿ ಕೇಳಿ.