ಅಡಿಕೆ ಧಾರಣೆ ಮತ್ತು ಇಲ್ಲದ ವೈರಸ್

ಅಡಿಕೆ ಧಾರಣೆ ನೋಡುವುದಕ್ಕೂ ಈಗ ಗುಂಡಿಗೆ ಗಟ್ಟಿ ಇರಬೇಕು. ತೀರ್ಥಹಳ್ಳಿ ಕಡೆಯ ನನ್ನ ಚಿಕ್ಕಪ್ಪ ಈ ವಾರ ಫೋನ್ ಮಾಡಿ, “ಕಂಪ್ಯೂಟರಿಗೆ ವೈರಸ್ ಹೊಕ್ಕಿದೆ ಅಂತ ಬರ್ತಿದೆ, ನಾನು ಎಂತದೂ ಮುಟ್ಲಿಲ್ಲ ಮಾರಾಯ” ಎಂದರು. ರಾಶಿ, ಬೆಟ್ಟೆಯ ದರದ ಮೇಲೆ ಒಂದು ಕೆಂಪು ಪೆಟ್ಟಿಗೆ, ಅದರೊಳಗೆ ಫೋನ್ ನಂಬರು, ಜೊತೆಗೆ ಟಣ್ ಟಣ್ ಸದ್ದು. ವೈರಸ್ಸೂ ಇಲ್ಲ, ಮಣ್ಣೂ ಇಲ್ಲ. ಯಾವುದೋ ತಾಣ ನೋಟಿಫಿಕೇಶನ್ ಕಳಿಸಲೇ ಎಂದು ಕೇಳಿದಾಗ ಇವರು ‘ಅಲೋ’ ಒತ್ತಿದ್ದರು. ಬ್ರೌಸರಿನ ಸೆಟ್ಟಿಂಗ್ಸ್‌ಗೆ ಹೋಗಿ ನೋಟಿಫಿಕೇಶನ್ ಪಟ್ಟಿಯಿಂದ ಆ ತಾಣವನ್ನು ತೆಗೆಸಿದ್ದೇ ತಡ, ವೈರಸ್ ಸತ್ತಿತು. ಆ ನಂಬರಿಗೆ ಫೋನ್ ಮಾಡಿದ್ದರೆ ಒಂದು ಕೊಯ್ಲಿನ ದುಡ್ಡು ಹೋಗುತ್ತಿತ್ತು.

ಹೀಗೆ ಕೇಳದೆಯೇ ಕಣ್ಣೆದುರು ಧುತ್ತೆನ್ನುವ ಪಾಪ್‌ಅಪ್ ಎಂಬ ಪೀಡೆಯನ್ನು ಹುಟ್ಟಿಸಿದವರಲ್ಲಿ ಈಥನ್ ಜುಕರ್‌ಮನ್ ಒಬ್ಬ. 1990ರ ದಶಕದಲ್ಲಿ ಆತ ಜನರ ವೆಬ್‌ಪುಟಗಳಿಗೆ ಜಾಗ ಕೊಡುವ ಟ್ರೈಪಾಡ್ ಕಂಪನಿಯಲ್ಲಿದ್ದಾಗ, ಯಾರದೋ ಅಶ್ಲೀಲ ಪುಟದ ಮೇಲೆ ತನ್ನ ಜಾಹೀರಾತು ಕಂಡು ಕಾರು ಕಂಪನಿಯೊಂದು ಕೂಗಾಡಿತು. ಪುಟಕ್ಕೂ ಜಾಹೀರಾತಿಗೂ ನಂಟಿಲ್ಲ ಎಂದು ತೋರಿಸಲು ಈತ ಬೇರೆ ಕಿಟಕಿ ತೆರೆಯುವ ಕೋಡ್ ಬರೆದ. 2014ರಲ್ಲಿ ದಿ ಅಟ್ಲಾಂಟಿಕ್‌ನಲ್ಲಿ ಕ್ಷಮೆಯನ್ನೂ ಕೇಳಿದ. ಕಾರಿನವರ ಮಾನ ಉಳಿಯಿತು, ನಮ್ಮ ನೆಮ್ಮದಿ ಹೋಯಿತು.

ಬೇಡದ್ದನ್ನು ಕಣ್ಣಿಗೆ ತುರುಕುವುದು ಎಂದಾಗ ನನಗೆ ಫ್ಲೆಕ್ಸ್ ನೆನಪಾಗುತ್ತದೆ. ತೆರೆದ ಸ್ಥಳಗಳನ್ನು ಅಂದಗೆಡಿಸಬಾರದೆಂಬ ಕಾಯ್ದೆ ಕರ್ನಾಟಕದಲ್ಲಿ 1981ರಷ್ಟು ಹಳೆಯದು. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಬಿಬಿಎಂಪಿ ಫ್ಲೆಕ್ಸ್ ಕಿತ್ತಿತು, ಬೆಂಗಳೂರಿನಲ್ಲಿ ಮರಗಳಿವೆ ಎಂಬುದು ಕೆಲವು ದಿನ ಕಾಣಿಸಿತು. ಈಗ ಮತ್ತೆ ಅದೇ ಮುಖಂಡರ ಕರಿಕನ್ನಡಕ, ಅದೇ ಹುಟ್ಟುಹಬ್ಬದ ಶುಭಾಶಯ. ವೆಬ್‌ನಲ್ಲೂ ಇದೇ ಕಥೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಗ್ರಾಹಕರನ್ನು ಯಾಮಾರಿಸುವ 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳನ್ನು ನಿಷೇಧಿಸಿತು, ವೇಷ ಮರೆಸಿಕೊಂಡ ಜಾಹೀರಾತೂ ಆ ಪಟ್ಟಿಯಲ್ಲಿದೆ. ಪಟ್ಟಿ ಅದರ ಪಾಡಿಗಿದೆ. ಮುಚ್ಚುವ ಎಕ್ಸ್ ಗುರುತು ಇನ್ನೂ ಸಾಸಿವೆ ಕಾಳಿನಷ್ಟೇ ಇದೆ.

ಹಾಗಿದ್ದೂ ಫ್ಲೆಕ್ಸಿನ ಮುಖಂಡರ ಪರವಾಗಿ ಒಂದು ಮಾತು ಹೇಳಬೇಕು. ಅವರು ಕಂಬದಿಂದ ಇಳಿದು ನನ್ನ ಹಿಂದೆ ಮನೆಗೆ ಬರುವುದಿಲ್ಲ, ನಾನು ನಿನ್ನೆ ಯಾವ ಚಪ್ಪಲಿ ನೋಡಿದೆ ಎಂದು ಬರೆದಿಟ್ಟುಕೊಳ್ಳುವುದಿಲ್ಲ. ವೆಬ್ ಜಾಹೀರಾತು ಎರಡನ್ನೂ ಮಾಡುತ್ತದೆ. ಆದ್ದರಿಂದಲೇ, ಜಾಹೀರಾತು ತಡೆಯುವ ಆಡ್‌ಬ್ಲಾಕರ್ ಹಾಕುವುದೆಂದರೆ ಪತ್ರಿಕೆಯವರ ಅನ್ನಕ್ಕೆ ಕಲ್ಲು ಹಾಕಿದಂತೆ ಎನ್ನುವ ಉಪದೇಶ ನನ್ನ ಹತ್ತಿರ ನಡೆಯುವುದಿಲ್ಲ. ನನ್ನ ಅನ್ನವೂ ಜಾಹೀರಾತಿನದೇ, ಗೊತ್ತು. ಆದರೆ ಕಾಗದದ ಪತ್ರಿಕೆಯಲ್ಲಿ ಸೀರೆ ಅಂಗಡಿಯ ಜಾಹೀರಾತು ತನ್ನ ಜಾಗದಲ್ಲಿ ತೆಪ್ಪಗಿರುತ್ತದೆ. ಅದನ್ನು ಕತ್ತರಿಸಿ ಎಸೆಯಲು ಯಾರೂ ಕತ್ತರಿ ಹುಡುಕಿದ್ದಿಲ್ಲ. ಹುಡುಕಾಟದ ಫಲಿತಾಂಶಗಳಲ್ಲಿ ವಂಚಕರು ಜಾಹೀರಾತು ಕೊಂಡು ಕೂತಿದ್ದಾರೆ, ಆಡ್‌ಬ್ಲಾಕರ್ ಬಳಸಿ ಎಂದು 2022ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಜನರಿಗೆ ಹೇಳಿತು. ಪೊಲೀಸರೇ ಹೇಳಿದ ಮೇಲೆ ಇನ್ನೆಂಥ ಸಂಕೋಚ?

ಚಿಕ್ಕಪ್ಪನಿಂದ ಫೈರ್‌ಫಾಕ್ಸ್ ಹಾಕಿಸಿ, ಅದಕ್ಕೆ ಯೂಬ್ಲಾಕ್ ಒರಿಜಿನ್ ಎಂಬ ಆಡ್‌ಬ್ಲಾಕರ್ ಸೇರಿಸಿದ್ದಾಯಿತು. ಕ್ರೋಮ್‌ನಲ್ಲಿ ಅದು ನಡೆಯದು. ಮ್ಯಾನಿಫೆಸ್ಟ್ ವಿ3 ಎಂಬ ಹೊಸ ನಿಯಮದ ಹೆಸರಿನಲ್ಲಿ ಗೂಗಲ್ 2025ರಲ್ಲಿ ಅದಕ್ಕೆ ಎಳ್ಳುನೀರು ಬಿಟ್ಟಿದೆ. ಅಲ್ಲಿ ಈಗ ಇರುವುದು ‘ಲೈಟ್’ ಎಂಬ ಬಡಕಲು ಅವತಾರ. ಇದೆಲ್ಲ ನಮ್ಮ ಸುರಕ್ಷತೆಗಾಗಿಯಂತೆ. ಆದಾಯದ ಬಹುಪಾಲು ಜಾಹೀರಾತಿನಿಂದಲೇ ಎಣಿಸುವ ಕಂಪನಿ ಈ ಮಾತು ಹೇಳುತ್ತದೆ, ನಂಬುವವರು ನಂಬಲಿ.

ಯೂಬ್ಲಾಕ್ ಒರಿಜಿನ್ ಬರೆದ ರೇಮಂಡ್ ಹಿಲ್ ದೇಣಿಗೆ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ನಮ್ಮ ವಾರ್ಡಿನ ಸರ್ಕಲ್ಲಿನಲ್ಲಿ ಎರಡೂ ಕೈ ಮುಗಿದು ನಗುತ್ತಿರುವ ಯುವ ನಾಯಕರನ್ನು ಮಾಯ ಮಾಡುವಂಥದ್ದೊಂದನ್ನು ಆತ ಬರೆದುಕೊಡಲಿ, ದುಡ್ಡನ್ನು ಬಲವಂತವಾಗಿ ಜೇಬಿಗೆ ತುರುಕುತ್ತೇನೆ.